ಮೃಗಶಿರಕ್ಕೆ ಮುಂಚೆ ಮೋಲ್ಡ್

ಮೊದಲ ಮೀಟಿಂಗ್‌ನಲ್ಲಿ ಸೆಂಟ್ರಿಂಗ್ ಮೇಸ್ತ್ರಿ ಕೇಳಿದ್ದು ಒಂದೇ ಮಾತು. "ಮೇಲಿನ ಮೋಲ್ಡ್ ಮೃಗಶಿರದ ಒಳಗೆ ಆಗ್ಬೇಕಾ, ಮಳೆ ಮುಗಿದ ಮೇಲಾ? ಅದೊಂದು ಹೇಳಿಬಿಡಿ ಮೇಡಂ. ಉಳಿದಿದ್ದು ನಾ ನೋಡ್ಕೊಳ್ತೀನಿ."

ಆಗ ಸೆಪ್ಟೆಂಬರ್. ಗಣಪತಿ ಬಿಟ್ಟಾಗಿತ್ತು, ಹೊರಗೆ ಉತ್ತರೆ ಮಳೆ ಹೊಯ್ಯುತ್ತಿತ್ತು. ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆ ಹೋಗುವ ರಸ್ತೆಯಲ್ಲಿ, ಗಾಜನೂರಿಗೆ ಮೊದಲೇ, ಒಂದು ಇಳಿಜಾರು ಜಾಗದಲ್ಲಿ 40 ಹಾಸಿಗೆಯ ಆಸ್ಪತ್ರೆ ಕಟ್ಟುವ ಕೆಲಸ. ನೆಲಮಹಡಿ, ಅದರ ಮೇಲೆ ಎರಡು. ಒಟ್ಟು ಮೂರು ಮೋಲ್ಡ್, ಅಂದರೆ ಮೂರು ಕಾಂಕ್ರೀಟ್ ಸ್ಲ್ಯಾಬ್. ಮೂರೂ ಜೂನ್ 7ರ ಒಳಗೆ ಬೀಳಬೇಕು. ಇಲ್ಲದಿದ್ದರೆ ಅಕ್ಟೋಬರ್‌ವರೆಗೆ ಕೈಕಟ್ಟಿ ಕೂರಬೇಕು. ನಮ್ಮ ಕಡೆ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ಕೆಲಸ ಕಟ್ಟಡದ ಬಿಮ್ ಮಾಡೆಲ್ ನೋಡಿಕೊಳ್ಳುವುದು. ಬೆಂಗಳೂರಿನಲ್ಲಿ ಎಂಟು ವರ್ಷ ಅದೇ ಮಾಡಿಕೊಂಡಿದ್ದೆ. ಹೊರದೇಶದ ದೊಡ್ಡ ದೊಡ್ಡ ಕಟ್ಟಡಗಳ ಮಾಡೆಲ್. ಅವು ಯಾವ ಊರಲ್ಲಿವೆ ಅನ್ನುವುದೂ ಎಷ್ಟೋ ಸಲ ಗೊತ್ತಿರುತ್ತಿರಲಿಲ್ಲ. ಊರಿಗೆ ಬಂದ ಮೇಲೆ ಸಿಕ್ಕ ಮೊದಲ ದೊಡ್ಡ ಕೆಲಸ ಇದು. ಸೈಟಿಗೆ ಸ್ಕೂಟರಿನಲ್ಲಿ ಹೋಗಿ ಬರಬಹುದು ಅನ್ನುವುದೇ ನನಗೊಂದು ಖುಷಿ.

ಗೊತ್ತಿಲ್ಲದವರಿಗೆ ಎರಡು ಮಾತು. ಬಿಮ್ (ಬಿಲ್ಡಿಂಗ್ ಇನ್ಫರ್ಮೇಷನ್ ಮಾಡೆಲಿಂಗ್) ಅಂದರೆ ಕಂಪ್ಯೂಟರಿನಲ್ಲೇ ಕಟ್ಟಡ ಕಟ್ಟಿ ನೋಡುವುದು. ಬರೀ ಗೆರೆ ಎಳೆಯುವ ಡ್ರಾಯಿಂಗ್ ಅಲ್ಲ ಅದು. ಅಲ್ಲಿ ಗೋಡೆಗೆ ತಾನು ಗೋಡೆ ಅಂತ ಗೊತ್ತಿರುತ್ತದೆ. ದಪ್ಪ ಎಷ್ಟು, ಯಾವ ಇಟ್ಟಿಗೆ, ಎಲ್ಲ ಅದರೊಳಗೇ ಇರುತ್ತದೆ. ಆರ್ಕಿಟೆಕ್ಟ್, ಸ್ಟ್ರಕ್ಚರಲ್ ಎಂಜಿನಿಯರ್, ಪ್ಲಂಬಿಂಗ್, ಎಸಿ, ಹೀಗೆ ಒಬ್ಬೊಬ್ಬರೂ ಅವರವರ ಮಾಡೆಲ್ ಮಾಡುತ್ತಾರೆ. ಎಲ್ಲವನ್ನೂ ಒಂದರ ಮೇಲೊಂದು ಕೂರಿಸಿ, ಯಾರ ಪೈಪು ಯಾರ ಬೀಮಿಗೆ ತಾಗುತ್ತದೆ ಅಂತ ನೋಡುವುದು ನನ್ನಂಥವರ ಕೆಲಸ.

ಆಸ್ಪತ್ರೆ ಕಟ್ಟಿಸುತ್ತಿದ್ದ ಡಾಕ್ಟ್ರಿಗೆ ಇದೆಲ್ಲ ತಲೆಗೆ ಹತ್ತಿತ್ತು. ಅವರು ಹಟ ಹಿಡಿದಿದ್ದು ಇನ್ನೊಂದಕ್ಕೆ. ಅವರ ತಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿದ್ದವರು. "ಅಲ್ಲಿ ಬೇಕಾದ ಸಾಮಾನು ಬೇಕಾದ ಹೊತ್ತಿಗೆ ಬರ್ತದಂತೆ. ಇಲ್ಲಿ ಮಾತ್ರ ಯಾಕೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಕೂರೋದು?" ಅಂತ ಅವರ ಪ್ರಶ್ನೆ. ಕಟ್ಟಡದವರಲ್ಲೂ ಈ ಪ್ರಶ್ನೆ ಕೇಳಿಕೊಂಡವರಿದ್ದಾರೆ. ಫಿನ್‌ಲೆಂಡಿನ ಲೌರಿ ಕೊಸ್ಕೆಲಾ 1992ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಇದರ ಬಗ್ಗೆ ಒಂದು ವರದಿ ಬರೆದರು. ಕೆಲಸದಲ್ಲಿ ದಂಡವಾಗುವುದನ್ನು ಕಳೆಯುವ ಈ ದಾರಿಗೆ ಲೀನ್ ಅನ್ನುತ್ತಾರೆ. ಗ್ಲೆನ್ ಬಲ್ಲಾರ್ಡ್, ಗ್ರೆಗ್ ಹೊವೆಲ್ ಸೇರಿ 1997ರಲ್ಲಿ ಅಮೆರಿಕದಲ್ಲಿ ಲೀನ್ ಕನ್‌ಸ್ಟ್ರಕ್ಷನ್ ಇನ್‌ಸ್ಟಿಟ್ಯೂಟ್ ಶುರುಮಾಡಿದರು. ಬಲ್ಲಾರ್ಡ್ ಅವರದ್ದು ಲಾಸ್ಟ್ ಪ್ಲ್ಯಾನರ್ ಅಂತ ಒಂದು ಪದ್ಧತಿ, ಕೆಲಸ ಮಾಡುವವರೇ ಕೂತು ಯೋಜನೆ ಹಾಕುವುದು. ಅದನ್ನು ನಾನು ಬೆಂಗಳೂರಿನಲ್ಲಿ ಅಷ್ಟಿಷ್ಟು ನೋಡಿದ್ದೆ. ಅಲ್ಲಿ ಅದು ಬರೀ ಗೋಡೆಗೆ ಹಚ್ಚಿದ ಬಣ್ಣದ ಚೀಟಿ. ಇಲ್ಲಿ ನಿಜವಾಗಿ ಮಾಡಿ ನೋಡೋಣ ಅಂತ ಹೊರಟೆವು.

ಚೀಟಿಯಿಂದಲೇ ಶುರು. ಆರ್ಕಿಟೆಕ್ಟ್ ಆಫೀಸಿನ ಮಹಡಿ ಮೇಲೆ ಒಂದು ಖಾಲಿ ರೂಮು. ಗೋಡೆ ತುಂಬ ಅಂಟುಚೀಟಿ ಹಚ್ಚಿ ಮನೆಗೆ ಹೋದೆವು. ಬೆಳಿಗ್ಗೆ ಬಂದು ನೋಡಿದರೆ ಅರ್ಧಕ್ಕರ್ಧ ನೆಲದ ಮೇಲೆ. ಮಲೆನಾಡಿನ ಥಂಡಿಗೆ ಅಂಟು ನಿಲ್ಲುತ್ತದಾ? ಆಮೇಲೆ ಥರ್ಮಾಕೋಲ್ ಹಾಳೆ ಹೊಡೆದು ಗುಂಡುಪಿನ್ನು ಚುಚ್ಚಿದೆವು.

ಕೆಲಸವನ್ನು ಕೊನೆಯಿಂದ ಹಿಂದಕ್ಕೆ ಜೋಡಿಸುತ್ತಾ ಬರುವುದು ಈ ಪದ್ಧತಿಯ ತಿರುಳು. ಕೊನೇ ಚೀಟಿ: ಮೇಲಿನ ಮೋಲ್ಡ್, ಮೇ 27. ಅದಕ್ಕೆ ಮೊದಲಿನದು ಏಪ್ರಿಲ್ 20ರ ಹೊತ್ತಿಗೆ. ಅದಕ್ಕೂ ಮೊದಲಿನದು ಮಾರ್ಚ್ ಮಧ್ಯ. ಪಾಯ ಜನವರಿ. ಹಾಗಾದರೆ ಪಾಯದ ಡ್ರಾಯಿಂಗ್ ಡಿಸೆಂಬರ್ 20ಕ್ಕೆ ಸೈಟಿನಲ್ಲಿರಬೇಕು. ಪಾಯಕ್ಕೆ ಏನು ಬೇಕು? ಒಂದೊಂದು ಕಾಲಂ ಮೇಲೆ ಎಷ್ಟು ಭಾರ ಬರುತ್ತದೆ ಅನ್ನುವ ಲೆಕ್ಕ. ಭಾರಕ್ಕೆ ಏನು ಬೇಕು? ನೀರಿನ ಟ್ಯಾಂಕ್ ಎಲ್ಲಿ, ಲಿಫ್ಟ್ ಎಲ್ಲಿ, ತಾರಸಿ ಮೇಲೆ ಎಸಿ ಯಂತ್ರ ಎಲ್ಲಿ ಕೂರುತ್ತದೆ, ಅದರ ತೂಕ ಎಷ್ಟು.

ಇಲ್ಲಿಗೆ ಬಂದಾಗ ರೂಮು ಸ್ವಲ್ಪ ತಣ್ಣಗಾಯಿತು. ಎಸಿ ಕನ್ಸಲ್ಟೆಂಟ್ ಕಡೆಯವರು ಆಗಲೇ ಎರಡು ವಾರದಿಂದ ಗಾಳಿ ಹೋಗುವ ಡಕ್ಟ್ ಬಿಡಿಸುತ್ತಿದ್ದರು. ಬಹಳ ಚೆನ್ನಾಗಿ, ಜಾಲರಿ ಸಮೇತ. ಪಾಯ ಮುಗಿಯುವವರೆಗೆ ಆ ಡಕ್ಟು ಯಾರಿಗೂ ಬೇಡ. ನಮಗೆ ಬೇಕಿದ್ದದ್ದು ಒಂದೇ ಒಂದು ಸಂಖ್ಯೆ, ತೂಕ. ಅದನ್ನು ಅವರು ಇನ್ನೂ ಯೋಚಿಸಿಯೇ ಇರಲಿಲ್ಲ. ಯಾರೂ ಕೇಳಿಯೂ ಇರಲಿಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ಸುಮ್ನೆ ಒಂದು ಅಂದಾಜು ಹಾಕಿಕೊಂಡು ಮುಂದೆ ಹೋಗಿದ್ದರು.

ಮನೆಗೆ ಬಂದು ಅಪ್ಪನ ಹತ್ತಿರ ಇದನ್ನು ಹೇಳಿಕೊಂಡೆ. ನಮ್ಮದು ಒಂದೆಕರೆ ಚಿಲ್ಲರೆ ಅಡಿಕೆ ತೋಟ. ಅಪ್ಪ ಎಲೆಗೆ ಸುಣ್ಣ ಸವರುತ್ತಾ, "ಸುಲಿಯೋರು ಸಿಗೋದು ಗಟ್ಟಿಯಾಗದೆ ಅಡಿಕೆ ಕೊನೆ ಇಳಿಸಬಾರದು ಕಣೆ. ಇಳಿಸಿ ರಾಶಿ ಹಾಕಿದ್ರೆ ಅಂಗಳದಲ್ಲೇ ಕೆಡ್ತದೆ" ಅಂದರು. ಟೊಯೋಟಾದಲ್ಲಿ ಈ ಲೆಕ್ಕಾಚಾರ ಹುಟ್ಟುಹಾಕಿದವರಲ್ಲಿ ಮುಖ್ಯರಾದ ತೈಚಿ ಓನೊ ಏಳು ಥರದ ದಂಡದ ಕೆಲಸಗಳ ಪಟ್ಟಿ ಮಾಡಿದ್ದಾರೆ. ಬೇಕಾದ್ದಕ್ಕಿಂತ ಜಾಸ್ತಿ, ಬೇಕಾದ್ದಕ್ಕಿಂತ ಮೊದಲೇ ಮಾಡಿಡುವುದು ಅದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಅಂತ ಅವರ ಮಾತು. ಅಪ್ಪ ಅವರ ಹೆಸರೂ ಕೇಳಿದವರಲ್ಲ.

ಕಂಪ್ಯೂಟರಿನಲ್ಲಿ ಹೀಗೆ ಕೆಡುವುದು ಕಣ್ಣಿಗೆ ಕಾಣುವುದಿಲ್ಲ, ಅದೇ ತೊಂದರೆ. ಅಂಗಳದ ಅಡಿಕೆಯಾದರೆ ಬಣ್ಣ ತಿರುಗುತ್ತದೆ, ವಾಸನೆ ಬರುತ್ತದೆ. ಮಾಡೆಲ್‌ನಲ್ಲಿ ಮೊದಲೇ ಬಿಡಿಸಿಟ್ಟ ಡಕ್ಟು ನೋಡೋಕೆ ಹೊಸದರ ಹಾಗೇ ಇರುತ್ತದೆ. ಆದರೆ ಅಷ್ಟರಲ್ಲಿ ಗೋಡೆ ಜರುಗಿರುತ್ತದೆ. ಬೀಮು ದಪ್ಪವಾಗಿರುತ್ತದೆ. ಯಾರೋ ಅದನ್ನೇ ನಿಜ ಅಂದುಕೊಂಡು ಅದರ ಮೇಲೆ ಇನ್ನೊಂದು ಕೆಲಸ ಕೂರಿಸಿರುತ್ತಾರೆ.

ನಮ್ಮಲ್ಲೇ ಒಬ್ಬ ಹುಡುಗ ಇದ್ದ. ಆಗಷ್ಟೇ ಎಂಜಿನಿಯರಿಂಗ್ ಮುಗಿಸಿದವನು, ಭಾರಿ ಉತ್ಸಾಹ. ಒಂದು ಸೋಮವಾರ ಮಾಡೆಲ್ ತೆಗೆಯೋಕೆ ಹೋದರೆ ಕಂಪ್ಯೂಟರಿನ ಫ್ಯಾನಿನ ಸದ್ದು ಜೋರಾಗುತ್ತಿದೆ, ಸ್ಕ್ರೀನ್ ಅಲ್ಲಾಡುತ್ತಿಲ್ಲ. 180 ಎಂಬಿ ಇದ್ದ ಫೈಲು 420 ಆಗಿ ಕೂತಿದೆ. ಏನೋ ಇದು ಅಂದೆ. "ಟಾಯ್ಲೆಟ್‌ಗೆ ನಲ್ಲಿ ಹಾಕಿದೆ ಅಕ್ಕ. ಕಂಪನಿಯವರದ್ದೇ ಸೈಟಿಂದ ಡೌನ್‌ಲೋಡ್ ಮಾಡಿದ್ದು, ನೋಡಿ ಎಷ್ಟು ಚಂದ ಇದೆ." ಹತ್ತಿರ ಹೋಗಿ ನೋಡಿದೆ. ನಲ್ಲಿಯೊಳಗಿನ ತಿರುಪಿನ ಸುತ್ತು ಸಮೇತ ಬಿಡಿಸಿದ್ದರು ಪುಣ್ಯಾತ್ಮರು. 40 ಹಾಸಿಗೆ, ಅಷ್ಟೂ ಟಾಯ್ಲೆಟ್ಟು, ಅಷ್ಟೂ ನಲ್ಲಿಗೆ ತಿರುಪಿನ ಸುತ್ತು. ಬೈಯೋಕೆ ಮನಸ್ಸು ಬರಲಿಲ್ಲ. ಡಾಕ್ಟ್ರು ನಲ್ಲಿ ಯಾವ ಕಂಪನಿಯದ್ದು ಅಂತ ತೀರ್ಮಾನ ಮಾಡಿದ್ದು ಅದಾಗಿ ಹತ್ತು ತಿಂಗಳ ಮೇಲೆ. ಬೇರೆ ಕಂಪನಿಯದ್ದು.

ಆಮೇಲೆ ಒಂದು ಹಾಳೆ ಮಾಡಿ ಗೋಡೆಗೆ ಹಾಕಿದೆ. ಯಾವ ತಿಂಗಳಲ್ಲಿ ಯಾವ ಭಾಗವನ್ನು ಎಷ್ಟರಮಟ್ಟಿಗೆ ಬಿಡಿಸಬೇಕು ಅಂತ. ಈ ಕಸುಬಿನಲ್ಲಿ ಇದಕ್ಕೆ ಎಲ್‌ಒಡಿ ಅನ್ನುತ್ತಾರೆ. 100 ಅಂದರೆ ಇಲ್ಲೊಂದು ವಸ್ತು ಬರುತ್ತದೆ ಅನ್ನುವ ಗುರುತು ಅಷ್ಟೇ. 200 ಅಂದರೆ ಅಂದಾಜು ಗಾತ್ರ. 300 ಅಂದರೆ ಸರಿಯಾದ ಅಳತೆ, ಸರಿಯಾದ ಜಾಗ. 400 ಅಂದರೆ ಅದನ್ನು ನೋಡಿಯೇ ತಯಾರು ಮಾಡಬಹುದು. ನಮ್ಮ ಹಾಳೆಯಲ್ಲಿ ನಲ್ಲಿಗೆ ಕೊನೇವರೆಗೂ 200. ಹುಡುಗ ಸ್ವಲ್ಪ ದಿನ ಮುಖ ಸಣ್ಣ ಮಾಡಿಕೊಂಡಿದ್ದ.

ಇನ್ನೊಂದು ಪಜೀತಿ ಮೂಲಬಿಂದುವಿನದ್ದು, ಅಂದರೆ ಮಾಡೆಲ್‌ನಲ್ಲಿ ಅಳತೆ ಶುರುವಾಗುವ ಜಾಗದ್ದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೊಸದಾಗಿ ಈ ಕೆಲಸಕ್ಕೆ ಇಳಿದವರು ಎಲ್ಲರೂ ಇಲ್ಲಿ ಒಂದು ಸಲವಾದರೂ ಬೀಳುತ್ತಾರೆ.

ಸರ್ವೆಯವರು ಟೋಟಲ್ ಸ್ಟೇಷನ್ ಅನ್ನುವ ಅಳತೆಯ ಯಂತ್ರ ಇಟ್ಟು ಜಾಗ ಅಳೆದು ಕೊಟ್ಟರು. ಒಳ್ಳೆ ಕೆಲಸ. ಜಾಗದ ಈ ಕೊನೆಯಿಂದ ಆ ಕೊನೆಗೆ ಮೂರು ಮೀಟರಿಗೂ ಜಾಸ್ತಿ ಇಳಿಜಾರು ಅಂತ ಗೊತ್ತಾಗಿದ್ದೇ ಆಗ. ಆದರೆ ಅವರು ಅಂಕಿ ಕೊಟ್ಟಿದ್ದು ಭೂಮಿಯನ್ನು ವಲಯಗಳಾಗಿ ಭಾಗ ಮಾಡಿ ಜಾಗ ಗುರುತಿಸುವ ಯುಟಿಎಂ ಲೆಕ್ಕದಲ್ಲಿ. ನಮ್ಮ ಊರು 43ನೇ ವಲಯದಲ್ಲಿ ಬರುತ್ತದೆ. ಅದರಲ್ಲಿ ಉತ್ತರದ ಅಂಕಿಯನ್ನು ಭೂಮಧ್ಯರೇಖೆಯಿಂದ ಎಣಿಸುತ್ತಾರೆ. ಶಿವಮೊಗ್ಗಕ್ಕೆ ಬರುವ ಹೊತ್ತಿಗೆ ಅದು 15 ಲಕ್ಷ ಮೀಟರ್ ದಾಟಿರುತ್ತದೆ. ಆರ್ಕಿಟೆಕ್ಟ್ ಆಫೀಸಿನಲ್ಲಿ ಆ ಅಂಕಿಯನ್ನು ಹಾಗೇ ಇಟ್ಟುಕೊಂಡು ಕಟ್ಟಡ ಬಿಡಿಸಿಬಿಟ್ಟಿದ್ದರು. ನಾವು ಬಳಸುವ ಸಾಫ್ಟ್‌ವೇರ್ ರೆವಿಟ್‌ಗೆ ತನ್ನದೇ ಒಂದು ಒಳಗಿನ ಮೂಲಬಿಂದು ಇದೆ. ಅದರಿಂದ 16 ಕಿಲೋಮೀಟರಿಗಿಂತ ಆಚೆ ಏನನ್ನಾದರೂ ಬಿಡಿಸಿದರೆ ಅದರ ಲೆಕ್ಕ ಜಾರುತ್ತದೆ. ಗೆರೆ ನಡುಗುತ್ತದೆ. ಸೇರಬೇಕಾದ ಗೋಡೆ ಸೇರುವುದಿಲ್ಲ. ಸ್ಟ್ರಕ್ಚರಲ್‌ನವರು ಮಾತ್ರ ಸೊನ್ನೆ ಸೊನ್ನೆಯಲ್ಲೇ ಬಿಡಿಸಿದ್ದರು. ಎರಡನ್ನೂ ಜೋಡಿಸಿದಾಗ ಗೋಡೆ ಶಿವಮೊಗ್ಗದಲ್ಲಿ, ಕಾಲಂ ಎಲ್ಲೋ ಸಮುದ್ರದಲ್ಲಿ.

ಸರಿಮಾಡಿದ್ದು ಹೀಗೆ. ಕಾಲಂ ಸಾಲು ಗುರುತಿಸುವ ಎ ಗೆರೆಯೂ ಒಂದನೇ ಗೆರೆಯೂ ಕೂಡುವ ಮೂಲೆಯನ್ನು ಎಲ್ಲರೂ ಮೂಲಬಿಂದು ಅಂತ ಒಪ್ಪಿಕೊಂಡೆವು. ಸೈಟಿನಲ್ಲೂ ಹಲಸಿನ ಮರದ ಬುಡದಲ್ಲಿ ಒಂದು ಕಾಂಕ್ರೀಟ್ ಗುಪ್ಪೆ ಹಾಕಿ, ಮೊಳೆ ಹೊಡೆದು, ಅಲ್ಲಿಂದ ಆ ಮೂಲೆಗೆ ಅಳತೆ ಇಟ್ಟೆವು. ಯುಟಿಎಂ ಅಂಕಿಯನ್ನು ಆ ಒಂದು ಬಿಂದುವಿಗೆ ಮಾತ್ರ ಬರೆದಿಟ್ಟೆವು. ಆಮೇಲೆ ಪರೀಕ್ಷೆ. ನಾಲ್ಕೂ ಮಾಡೆಲ್‌ನವರು ಆ ಮೂಲೆಯಲ್ಲಿ ಒಂದು ಮೀಟರ್ ಉದ್ದ, ಅಗಲ, ಎತ್ತರದ ಡಬ್ಬ ಇಡಬೇಕು. ಜೋಡಿಸಿದಾಗ ನಾಲ್ಕು ಡಬ್ಬ ಒಂದೇ ಡಬ್ಬದ ಹಾಗೆ ಕಾಣಬೇಕು. ಮೂರು ಸರಿಯಾಗಿ ಕೂತವು. ಪ್ಲಂಬಿಂಗ್‌ನವರದ್ದು ಮಾತ್ರ ಮೂಲೆಗೆ ಸರಿಯಾಗಿದ್ದರೂ ಓರೆಯಾಗಿ ತಿರುಗಿ ನಿಂತಿತ್ತು. ಅವರು ಕಟ್ಟಡದ ಉತ್ತರ, ನಿಜವಾದ ಉತ್ತರ ಎರಡನ್ನೂ ಒಂದೇ ಮಾಡಿಕೊಂಡಿದ್ದರು. ಡಬ್ಬ ಇಡದಿದ್ದರೆ ಇದು ಯಾವಾಗ ಸಿಗುತ್ತಿತ್ತೋ.

ಡಬ್ಬದ ಪರೀಕ್ಷೆಗೆ ಹೋಗಿದ್ದು ಅರ್ಧ ಗಂಟೆ. ಅದಿಲ್ಲದೆ ಹಾಳಾಗಿದ್ದು ಒಂಬತ್ತು ದಿನ.

ವರ್ಷನ್ ತಂಟೆಯೂ ಆಯಿತು. ಒಬ್ಬ ಕನ್ಸಲ್ಟೆಂಟ್ ಆಫೀಸಿನಲ್ಲಿ ಯಾರಿಗೂ ಹೇಳದೆ ಹೊಸ ವರ್ಷನ್‌ಗೆ ಹೋದರು. ಹೊಸದರಲ್ಲಿ ಉಳಿಸಿದ ಫೈಲು ಹಳೆಯದರಲ್ಲಿ ತೆರೆಯುವುದಿಲ್ಲ, ಹಿಂದಕ್ಕೆ ತರುವ ದಾರಿಯೂ ಇಲ್ಲ. ಐಎಫ್‌ಸಿ ಅಂತ ಹೆಚ್ಚಿನ ಬಿಮ್ ಸಾಫ್ಟ್‌ವೇರಿಗೂ ಓದಲು ಬರುವ ಒಂದು ರೂಪ ಇದೆ. ಅದರಲ್ಲಿ ಕಳಿಸಿ ಅಂದೆವು. ಬಂತು. ಬೀಮು ಬೀಮಾಗಿಯೇ ಬಂತು, ಸ್ಲ್ಯಾಬು ಸ್ಲ್ಯಾಬಾಗಿಯೇ ಬಂತು. ಆದರೆ ಅದು ಜೆರಾಕ್ಸ್ ಇದ್ದ ಹಾಗೆ. ನೋಡಬಹುದು, ಅಳೆಯಬಹುದು, ತಾಗುತ್ತದಾ ಅಂತ ಪರೀಕ್ಷಿಸಬಹುದು. ತಿದ್ದೋಕೆ ಕೂತರೆ ಕಷ್ಟ. ನಮಗೆ ನೋಡೋದಷ್ಟೇ ಬೇಕಿತ್ತು, ನಡೆಯಿತು.

ಫೈಲ್ ಹೆಸರಿನ ಕಥೆ ನಿಮಗೂ ಗೊತ್ತಿರುತ್ತದೆ. ಫೈನಲ್, ಫೈನಲ್ ಹೊಸದು, ಫೈನಲ್ ಇದೇ ನೋಡಿ. 2018ರಲ್ಲಿ ಬಂದ ಐಎಸ್‌ಒ 19650 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದಕ್ಕೊಂದು ಶಿಸ್ತು ಹೇಳುತ್ತದೆ. ಮಾಹಿತಿಗೆ ನಾಲ್ಕು ಸ್ಥಿತಿ: ಇನ್ನೂ ಕೆಲಸ ನಡೆಯುತ್ತಿರುವುದು, ಬೇರೆಯವರ ಜೊತೆ ಹಂಚಿಕೊಂಡಿದ್ದು, ಒಪ್ಪಿಗೆಯಾಗಿ ಹೊರಬಿದ್ದಿದ್ದು, ಹಳೆಯದಾಗಿ ಎತ್ತಿಟ್ಟಿದ್ದು. ನಾನು ಮೊದಲು ಅದರ ಇಂಗ್ಲಿಷ್ ಹೆಸರನ್ನೇ ಫೋಲ್ಡರಿಗೆ ಇಟ್ಟೆ. ಯಾರ ತಲೆಗೂ ಹೋಗಲಿಲ್ಲ. ಒಂದು ದಿನ ಕಾಫಿ ಕುಡಿಯುತ್ತಾ ತಮಾಷೆಗೆ ಹೆಸರು ಬದಲಾಯಿಸಿದೆ. ಅಡುಗೆಮನೆ, ಜಗಲಿ, ಅಂಗಳ, ಅಟ್ಟ. ಅಡುಗೆಮನೆಗೆ ಹೊರಗಿನವರು ಇಣುಕಬಾರದು, ಅಲ್ಲಿ ಬೇಯುತ್ತಿರುವುದನ್ನು ಯಾರೂ ತಟ್ಟೆಗೆ ಹಾಕಿಕೊಳ್ಳಬಾರದು. ಜಗಲಿಗೆ ಬಂದಿದ್ದನ್ನು ಎಲ್ಲರೂ ಕೂತು ಮಾತಾಡಬಹುದು. ಅಂಗಳಕ್ಕೆ ಇಳಿದದ್ದು ಮಾತ್ರ ಸೈಟಿಗೆ ಹೋಗುತ್ತದೆ. ಹಳೆಯದು ಅಟ್ಟಕ್ಕೆ, ಬಿಸಾಡುವಂತಿಲ್ಲ. ಅವತ್ತಿಂದ ಗೊಂದಲವೇ ಇಲ್ಲ. "ಜಗಲಿಗೆ ಹಾಕಿದೀನಿ ನೋಡಿ" ಅಂತ ಫೋನ್ ಬರತೊಡಗಿತು. ಬೆಂಗಳೂರಿನ ಎಸಿಯವರೂ ಹಾಗೇ ಹೇಳುತ್ತಿದ್ದರು.

ಈಗ ಕ್ಲ್ಯಾಶ್ ವಿಷಯ, ಅಂದರೆ ಮಾಡೆಲ್‌ನಲ್ಲಿ ಒಂದಕ್ಕೊಂದು ತಾಗುವುದು. ಎಲ್ಲ ಮಾಡೆಲ್ ಸೇರಿಸಿ ಮೊದಲ ಸಲ ಪರೀಕ್ಷೆ ಓಡಿಸಿದಾಗ ಎರಡು ಸಾವಿರಕ್ಕೂ ಜಾಸ್ತಿ ಬಂತು. ಡಾಕ್ಟ್ರಿಗೆ ಆ ಸಂಖ್ಯೆ ತೋರಿಸಿದ್ದು ನನ್ನ ತಪ್ಪು. "ಎರಡು ಸಾವಿರ ತಪ್ಪಾ?" ಅಂತ ಗಾಬರಿಬಿದ್ದರು. ಅರ್ಧಕ್ಕಿಂತ ಜಾಸ್ತಿ ಏನೂ ಅಲ್ಲ. ಆರ್ಕಿಟೆಕ್ಟ್ ಗೋಡೆಯನ್ನು ಕಾಲಂ ಒಳಗಿಂದಲೇ ಎಳೆದಿದ್ದರು, ಅದು ಕ್ಲ್ಯಾಶ್ ಅಂತ ಎಣಿಕೆ. ಪೈಪು ಗೋಡೆ ದಾಟಿದರೆ ಅದೂ ಕ್ಲ್ಯಾಶ್. ದಾಟಲೇಬೇಕಲ್ಲ ಮಾರಾಯ್ರೆ, ಇನ್ನು ಹೇಗೆ ಹೋಗುತ್ತದೆ? ಇಂಥದ್ದೆಲ್ಲ ಸೋಸಿ, ಒಂದೇ ಕಾರಣಕ್ಕೆ ಹತ್ತು ಕಡೆ ಬಂದಿದ್ದನ್ನು ಒಂದು ಮಾಡಿ, ಕೊನೆಗೆ ಕೈಯಲ್ಲಿ ಉಳಿದದ್ದು 61. ಅದರಲ್ಲೂ ನೆಲಮಹಡಿಯ ಮೋಲ್ಡಿಗೆ ಸಂಬಂಧಪಟ್ಟ 17 ಮಾತ್ರ ಮೊದಲು ಎತ್ತಿಕೊಂಡೆವು. ಮೇಲಿನದಕ್ಕೆ ಇನ್ನೂ ಸಮಯ ಇತ್ತು. ಎಲ್ಲವನ್ನೂ ಒಟ್ಟಿಗೇ ಸೊನ್ನೆ ಮಾಡಿ ಕೈತೊಳೆದುಕೊಳ್ಳುವ ಆಸೆ ಬೆಂಗಳೂರಿನಲ್ಲಿ ನನಗೂ ಇತ್ತು.

ನನಗೆ ಜಾಸ್ತಿ ಪಾಠ ಆಗಿದ್ದು ಮಾತ್ರ ಸಾಫ್ಟ್‌ವೇರ್ ತೋರಿಸದ ಒಂದು ಕ್ಲ್ಯಾಶ್‌ನಿಂದ.

ಮೊದಲ ಮಹಡಿಯ ವಾರ್ಡಿನ ಟಾಯ್ಲೆಟ್ ನೀರು ಕೆಳಗಿಳಿಯಬೇಕು. ನೇರ ಕೆಳಗೆ ಆಪರೇಷನ್ ಥಿಯೇಟರ್. ಅದರ ತಲೆಯ ಮೇಲೆ ಚರಂಡಿ ಪೈಪು ಓಡಿಸುವಂತಿಲ್ಲ. ಹಾಗಾಗಿ ಪೈಪು ಕಾರಿಡಾರ್ ಮೇಲೆ ಸುತ್ತಿಕೊಂಡು 9 ಮೀಟರ್ ಹೋಗಿ, ಪೈಪಿಗಂತಲೇ ಬಿಟ್ಟ ಡಕ್ಟಿನಲ್ಲಿ ಇಳಿಯುತ್ತಿತ್ತು. 60ಕ್ಕೆ 1ರ ಇಳಿಜಾರು ಇಟ್ಟಿದ್ದೆವು. ಅಂದರೆ 9 ಮೀಟರಿಗೆ 150 ಮಿಲಿಮೀಟರ್ ಇಳಿತ. ಪೈಪು 110. ಎರಡೂ ಸೇರಿ 260. ಬೀಮಿನ ತಳದಿಂದ ಫಾಲ್ಸ್ ಸೀಲಿಂಗಿಗೆ ನಮ್ಮ ಹತ್ತಿರ ಇದ್ದದ್ದು 300. ಇನ್ನೂ 40 ಉಳಿಯಿತಲ್ಲ ಅಂತ ಮಾಡೆಲ್ ಹಸಿರು ತೋರಿಸಿತು. ನಾನೂ ಸರಿ ಅಂದೆ.

ಶನಿವಾರದ ಮೀಟಿಂಗಿಗೆ ಪ್ಲಂಬಿಂಗ್ ಮೇಸ್ತ್ರಿ ಬಂದಿದ್ದರು. ಅವರನ್ನು ಕರೆಸುವುದಕ್ಕೇ ಒಂದು ಜಗಳ ಆಗಿತ್ತು. ಅರ್ಧ ದಿನ ಕೆಲಸ ಬಿಟ್ಟು ಬಂದರೆ ಅವರ ದುಡಿಮೆ ಹೋಗುತ್ತದೆ. ಅದನ್ನು ಕೊಡೋರು ಯಾರು? ಕೆಲಸ ಮಾಡುವವರನ್ನೇ ಯೋಜನೆಗೆ ಕೂರಿಸಿಕೊಳ್ಳಬೇಕು ಅಂತ ಎಲ್ಲರೂ ತಲೆ ಆಡಿಸಿದ್ದರು. ದುಡ್ಡಿನ ಮಾತು ಬಂದಾಗ ಎಲ್ಲರ ಕಣ್ಣೂ ಕಿಟಕಿ ಕಡೆ. ಕೊನೆಗೆ ಡಾಕ್ಟ್ರೇ ಕೊಡುತ್ತೇನೆ ಅಂದರು.

ಮೇಸ್ತ್ರಿ ಟೀವಿ ಪರದೆಯ ಮುಂದೆ ನಿಂತು ಪೈಪಿನ ದಾರಿಯನ್ನೇ ನೋಡಿದರು. ಮಾತಾಡಲಿಲ್ಲ. ಕೆಳಗೆ ಹೋದರು. ಓಡಿಹೋದರೇನೋ ಅಂದುಕೊಂಡೆವು. ಬೈಕಿನ ಚೀಲದಿಂದ ಎರಡು 45 ಡಿಗ್ರಿ ಬೆಂಡು, ಒಂದು ತುಂಡು ಪೈಪು ತಂದು ಮೇಜಿನ ಮೇಲೆ ಜೋಡಿಸಿದರು.

"ನೀವು ಇಲ್ಲಿ ಒಂದೇ ಎಲ್ಬೋ ತೋರಿಸಿದೀರಿ ಮೇಡಂ. ಹಂಗೆ ಕಟ್ ಅಂತ ತಿರುಗಿಸಿದ್ರೆ ಕಟ್ಟಿಕೊಳ್ತದೆ. ನಾವು ಎರಡು ಹಾಕಿ ನಿಧಾನ ಇಳಿಸ್ತೀವಿ. ಅದ್ರ ಹಿಂದೆ ಬಿಚ್ಚೋಕೆ ಡೋರ್ ಇರೋ ಪೈಪ್ ತುಂಡು ಒಂದು ಬೇಕು. ಕಟ್ಟಿಕೊಂಡ ದಿನ ಬಿಚ್ಚಬೇಕಲ್ಲ. ಬಿಚ್ಚೋನ ಕೈ ಎಲ್ಲಿ ಹೋಗ್ತದೆ ಹೇಳಿ?"

ಟೇಪು ಹಿಡಿದು ಅಳೆದೆವು. 40 ಮಿಲಿಮೀಟರ್ ಎಲ್ಲಿಗೂ ಸಾಲುವುದಿಲ್ಲ. ಕೈ ಹಾಗಿರಲಿ, ಬೆರಳೂ ಹೋಗುವುದಿಲ್ಲ. ಅವರ ಎರಡು ಬೆಂಡು ಆಮೇಲೂ ಮೂರು ವಾರ ಆ ಮೇಜಿನ ಮೇಲೇ ಇತ್ತು. ವಾಪಸ್ ಒಯ್ಯಲು ಅವರು ಮರೆತಿದ್ದರು, ಎತ್ತಿಡಲು ನನಗೆ ಮನಸ್ಸು ಬರಲಿಲ್ಲ.

ಪರಿಹಾರ ಅಲ್ಲೇ ಸಿಕ್ಕಿತು. ಪೈಪ್ ಇಳಿಯುವ ಡಕ್ಟನ್ನೇ ಹತ್ತಿರಕ್ಕೆ ತಂದೆವು. ಓಟ 9 ಮೀಟರಿನಿಂದ 6ಕ್ಕೆ ಇಳಿಯಿತು, ಇಳಿತ 150ರಿಂದ 100ಕ್ಕೆ. ಉಳಿದ ಜಾಗದಲ್ಲಿ ಎರಡು ಬೆಂಡು ಕೂತವು. ಡೋರ್‌ನ ಕೆಳಗೆ ಸೀಲಿಂಗಿನಲ್ಲಿ ಒಂದು ಮುಚ್ಚಳ ಬಿಟ್ಟೆವು. ಡಕ್ಟು ಬಂದು ಕೂತದ್ದು ನರ್ಸ್‌ಗಳ ಸ್ಟೋರ್ ರೂಮಿನ ಬೀರು ಇಡುವ ಜಾಗದಲ್ಲಿ. ಹೆಡ್ ಸಿಸ್ಟರ್ ಇವತ್ತಿಗೂ ನನ್ನ ಮುಖ ನೋಡಿದರೆ ಆ ಬೀರು ನೆನಪಿಸುತ್ತಾರೆ. ಇದು ನವೆಂಬರ್ ತಿಂಗಳ ಮಾತು. ಮೋಲ್ಡ್ ಬಿದ್ದ ಮೇಲೆ ಸಿಕ್ಕಿದ್ದರೆ ಸ್ಲ್ಯಾಬು ಕೊರೆಯಬೇಕಿತ್ತು.

ಛಜ್ಜದಲ್ಲೂ ಹೀಗೇ ಆಯಿತು. ಡ್ರಾಯಿಂಗಿನಲ್ಲಿ 450 ಮಿಲಿಮೀಟರ್ ಇತ್ತು. ನೋಡೋಕೆ ಚಂದ. ಸೆಂಟ್ರಿಂಗ್ ಮೇಸ್ತ್ರಿ ನಕ್ಕುಬಿಟ್ಟರು. "ಇದು ಎರಚಲು ತಡೀತದಾ? ಪೇಶೆಂಟು ಕೊಡೆ ಹಿಡ್ಕೊಂಡು ಮಲಗ್ಬೇಕು." 900 ಆಯಿತು.

ಕೆಲವನ್ನು ಬೇಕೆಂತಲೇ ತೀರ್ಮಾನ ಮಾಡದೆ ಬಿಟ್ಟೆವು. ಲಿಫ್ಟಿಗೆ ಎರಡು ಕಂಪನಿ ಲೆಕ್ಕದಲ್ಲಿತ್ತು. ಡಾಕ್ಟ್ರು ದರದ ಮಾತಾಡುತ್ತಿದ್ದರು. ಇಬ್ಬರದ್ದೂ ಅಳತೆ ತರಿಸಿ, ದೊಡ್ಡದು ಯಾವುದೋ ಅದಕ್ಕೆ ಹೊಂದುವ ಹಾಗೆ ಗುಂಡಿ, ಗೋಡೆ ಇಟ್ಟೆವು. ಮಾಡೆಲ್‌ನಲ್ಲಿ ಎರಡೂ ಆಯ್ಕೆ ಹಾಗೇ ಇದ್ದವು. ಗೋಡೆಯ ಚೀಟಿಯಲ್ಲಿ ಒಂದು ತಾರೀಖು: ಇದರೊಳಗೆ ಹೇಳದಿದ್ದರೆ ಮೇಲಿನ ಮೋಲ್ಡ್ ನಿಲ್ಲುತ್ತದೆ. ಆ ತಾರೀಖಿನ ಹಿಂದಿನ ದಿನ ರಾತ್ರಿ ಹನ್ನೊಂದಕ್ಕೆ ಡಾಕ್ಟ್ರ ಮೆಸೇಜ್ ಬಂತು.

ಪ್ರತಿ ಶನಿವಾರ ಎಲ್ಲರೂ ಮುಂದಿನ ವಾರಕ್ಕೆ ಏನು ಮಾಡಿಕೊಡುತ್ತೇವೆ ಅಂತ ಮಾತು ಕೊಡಬೇಕು. ಮುಂದಿನ ಶನಿವಾರ ಎಷ್ಟು ಆಯಿತು ಅಂತ ಎಣಿಕೆ. ಇದಕ್ಕೆ ಪಿಪಿಸಿ (ಪರ್ಸೆಂಟ್ ಪ್ಲ್ಯಾನ್ ಕಂಪ್ಲೀಟ್) ಅನ್ನುತ್ತಾರೆ. ಅರ್ಧ ಆಗಿದ್ದಕ್ಕೆ ಅರ್ಧ ಮಾರ್ಕು ಇಲ್ಲ. ಆಯಿತು ಅಥವಾ ಇಲ್ಲ, ಅಷ್ಟೇ. ಮೊದಲ ವಾರ 14 ಮಾತು ಕೊಟ್ಟಿದ್ದರು, ಆಗಿದ್ದು 6. ಶೇಕಡಾ 43.

ಕಾರಣ ಬರೆಯುತ್ತಾ ಹೋದೆವು. ಬೇರೆಯವರಿಂದ ಮಾಹಿತಿ ಬರಲಿಲ್ಲ ಅನ್ನುವುದೇ ಜಾಸ್ತಿ. ಆದರೆ ಅದರ ಕೆಳಗೆ ಇನ್ನೊಂದಿತ್ತು, ಅದಕ್ಕೆ ಪಟ್ಟಿಯಲ್ಲಿ ಕಾಲಂ ಇರಲಿಲ್ಲ. ನಮ್ಮ ಜನಕ್ಕೆ ಎದುರಿಗೆ ಕೂತವರಿಗೆ ಆಗಲ್ಲ ಅನ್ನೋಕೆ ಸಂಕೋಚ. "ಬುಧವಾರ ಆಗ್ತದಾ?" ಅಂದರೆ "ಆಗ್ತದೆ, ನೋಡಣ" ಅನ್ನುತ್ತಾರೆ. ಇಲ್ಲಿ ಹುಟ್ಟಿ ಬೆಳೆದವಳಿಗೆ ಗೊತ್ತು, ಆ "ನೋಡಣ" ಅಂದರೆ ಆಗುವುದಿಲ್ಲ ಅಂತ. ಚೀಟಿಯಲ್ಲಿ ಮಾತ್ರ ಬುಧವಾರ ಅಂತ ಬರೆದಿರುತ್ತದೆ. ನಾನು ಒಂದು ಕಾನೂನು ತಂದೆ. ನೋಡಣ ಅಂದರೆ ಆ ಚೀಟಿ ಚುಚ್ಚುವ ಹಾಗಿಲ್ಲ. ಏನು ಬಂದರೆ ಆಗುತ್ತದೆ ಅಂತ ಹೇಳಿ, ಅದನ್ನು ಬೇರೆ ಚೀಟಿ ಮಾಡೋಣ. ಸ್ಟ್ರಕ್ಚರಲ್ ಎಂಜಿನಿಯರ್ ಮೊದಲ ಸಲ "ಆಗಲ್ಲ, ನನಗೆ ಟ್ಯಾಂಕಿನ ಜಾಗ ಗೊತ್ತಾಗದೆ ಆಗಲ್ಲ" ಅಂತ ಗಟ್ಟಿಯಾಗಿ ಹೇಳಿದ ದಿನ ನನಗೆ ಚಪ್ಪಾಳೆ ತಟ್ಟುವಷ್ಟು ಖುಷಿಯಾಯಿತು. ಅವರಿಗೆ ಯಾಕೆ ಅಂತ ಅರ್ಥವಾಗಲಿಲ್ಲ. ಫೆಬ್ರವರಿಯಲ್ಲಿ ಒಂದು ವಾರ 22ಕ್ಕೆ 17 ಆಯಿತು. ಅದಕ್ಕಿಂತ ಮೇಲೆ ಹೋಗಿದ್ದೂ ಉಂಟು, ಕೆಳಗೆ ಬಿದ್ದಿದ್ದೂ ಉಂಟು. ಒಬ್ಬರು ಇದನ್ನು ಪರೀಕ್ಷೆ ಮಾರ್ಕು ಅಂದುಕೊಂಡು, ಸುಲಭದ್ದನ್ನೇ ಮಾತು ಕೊಡೋಕೆ ಶುರುಮಾಡಿದ್ದರು. ಅದು ಗೊತ್ತಾಗೋಕೆ ನನಗೆ ತಿಂಗಳು ಬೇಕಾಯಿತು.

ಮೇ ತಿಂಗಳು ಕರೆಂಟಿನ ಗೋಳು. ಮಧ್ಯಾಹ್ನ ಗುಡುಗು ಶುರುವಾದರೆ ಕರೆಂಟು ಹೋಯಿತು ಅಂತಲೇ. ಮೋಲ್ಡಿನ ಹಿಂದಿನ ದಿನ ಮಾಡೆಲ್‌ನಿಂದ ಸ್ಲೀವ್ ಪಟ್ಟಿ ಮುದ್ರಿಸಿಕೊಂಡೆ. ಕಾಂಕ್ರೀಟ್ ಹಾಕುವ ಮೊದಲೇ ಪೈಪ್ ಹೋಗುವ ಕಡೆ ತುಂಡು ಕೊಳವೆ ಇಟ್ಟು ದಾರಿ ಬಿಡುವುದಕ್ಕೆ ಸ್ಲೀವ್ ಅನ್ನುತ್ತಾರೆ. 38 ಇತ್ತು. ಟ್ಯಾಬ್ ನಂಬಿಕೊಂಡು ಹೋಗುವ ಧೈರ್ಯ ನನಗಿರಲಿಲ್ಲ, ಕಾಗದವೇ ಒಳ್ಳೆಯದು.

27ರ ಬೆಳಿಗ್ಗೆ ಆರೂವರೆಗೆ ಮೇಲೆ ಹತ್ತಿದೆ. ಕಂಬಿ ಮೇಲೆ ಹುಷಾರಾಗಿ ಹೆಜ್ಜೆ ಇಡುತ್ತಾ, ಪೆನ್ಸಿಲಿನಲ್ಲಿ ಒಂದೊಂದೇ ಗುರುತು ಹಾಕುತ್ತಾ ಹೋದೆ. 37. ಮತ್ತೆ ಎಣಿಸಿದೆ. 37. ತಾರಸಿ ಮಳೆನೀರಿನ ಕೊಳವೆ ಒಂದು ಇರಲಿಲ್ಲ. ಕೆಳಗೆ ಜಲ್ಲಿ, ಎಂ ಸ್ಯಾಂಡ್ ರಾಶಿಯ ಹತ್ತಿರ ಜನ ನಿಂತಿದ್ದಾರೆ, ಮಿಕ್ಸರ್ ಶುರುವಾಗಿದೆ. ಬಾರ್ ಬೆಂಡರ್ ಹುಡುಗರು ಹತ್ತು ನಿಮಿಷದಲ್ಲಿ ಕಂಬಿ ಸರಿಸಿ, ಕೊಳವೆ ಕೂರಿಸಿ, ಬೈಂಡಿಂಗ್ ತಂತಿ ಬಿಗಿದು ಕೊಟ್ಟರು. ಎರಡು ಗಂಟೆಗೆ ಮೋಡ ಕಟ್ಟಿತು. ಟಾರ್ಪಾಲ್ ಎಳೆದೆವು. ನಾಲ್ಕಕ್ಕೆ ಬಂದಿದ್ದು ಬರೀ ಹನಿ, ಮೋಸ ಮಾಡಲಿಲ್ಲ. ಮೃಗಶಿರ ಹಿಡಿದಾಗ ನಾವು ಒಳಗೆ ಗೋಡೆ ಕಟ್ಟುತ್ತಿದ್ದೆವು.

ಇದೆಲ್ಲ ಮುಗಿದು, ಮುಂದಿನ ವರ್ಷ, ಕಟ್ಟಡ ಒಪ್ಪಿಸುವ ದಿನ. ಆಸ್ಪತ್ರೆಯ ಮೇಂಟೆನೆನ್ಸ್ ನೋಡಿಕೊಳ್ಳುವವರು ಬಂದರು. ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸ ಮಾಡಿ ರಿಟೈರ್ ಆದವರು. ನಾನು ಮಾಡೆಲ್ ತೆರೆದು ತಿರುಗಿಸಿ ತಿರುಗಿಸಿ ತೋರಿಸಿದೆ. ಗೋಡೆ ತೆಗೆದು ಪೈಪು ತೋರಿಸಿದೆ, ಪೈಪು ಮುಟ್ಟಿದರೆ ಅದರ ಗಾತ್ರ ಬರುವುದನ್ನು ತೋರಿಸಿದೆ. ಸಮಾಧಾನವಾಗಿ ನೋಡಿದರು.

"ಚಂದ ಇದೆ ಅಮ್ಮಾ. ನಂಗೆ ವಾಲ್ವ್ ಎಲ್ಲೆಲ್ಲಿದೆ ಅಂತ ಗೊತ್ತಾದ್ರೆ ಸಾಕು. ರಾತ್ರಿ ನೀರು ಸೋರಿದ್ರೆ ಯಾವ್ದು ಬಂದ್ ಮಾಡ್ಬೇಕು ಅಂತ."

ಎರಡು ದಿನ ಕೂತು ಮಾಡೆಲ್‌ನಿಂದ ವಾಲ್ವ್‌ಗಳನ್ನಷ್ಟೇ ತೆಗೆದು ಪಟ್ಟಿ ಮಾಡಿದೆ. 46. ಒಂದೊಂದರ ಹತ್ತಿರವೂ ಹೋಗಿ, ಫೋನಿನಲ್ಲಿ ಫೋಟೋ ಹೊಡೆದು, ಯಾವ ಬಾಗಿಲಿನಿಂದ ಎಷ್ಟು ಹೆಜ್ಜೆ ಅಂತ ಪಕ್ಕದಲ್ಲಿ ಬರೆದೆ. ಜೊತೆಗೆ ಪ್ಲಂಬಿಂಗ್ ಮೇಸ್ತ್ರಿ ಬಂದಿದ್ದರು. ಕೊನೇದರ ಫೋಟೋ ಹೊಡೆದು ಕೆಳಗಿಳಿಯುವಾಗ ಅವರು ಮೆಟ್ಟಿಲ ಮೇಲೆ ನಿಂತರು.

"ಇನ್ನೊಂದಿದೆ ಮೇಡಂ. ಎಕ್ಸ್‌ರೇ ರೂಮಿನ ಹಿಂದೆ, ಸೀಲಿಂಗ್ ಮೇಲೆ. ಹೋದ ದೀಪಾವಳಿ ಹೊತ್ತಲ್ಲಿ ಹಾಕಿದ್ದು. ನಿಮಗೆ ಹೇಳೋದು ಮರ್ತೇಹೋಯ್ತು."

ಏಣಿ ತರೋಕೆ ಕಳಿಸಿದೆ.